ಜಂಗಬಾರದ ಚಂದ್ರಸ

ನಿಜಾಮನನ್ನು ಮಣಿಸಲು ಭಾರತದ ಮಿಲಿಟರಿ ಕಲಬುರಗಿಗೆ ಬಂದ ನಾಲ್ಕನೆಯ ದಿನ ಅಲ್ಲಿಯ ಗಾಜಿಪುರ ಓಣಿಯ ಇಮಾಮುದ್ದೀನ್ ವಾರ್ನಿಶ್ ಡಬ್ಬಿ ಹಿಡಿದು ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಕಮಲಾಪುರದ ಆಚೆ ಹಳ್ಳಿಯೊಂದರಲ್ಲಿ ಗೌಡರ ಕುದುರೆಬಗ್ಗಿಗೆ ವಾರ್ನಿಶ್ಶಿನ ಕೊನೆಯ ಕೈ ಹಚ್ಚುವುದಿತ್ತು. ರಜಾಕಾರರ ಗದ್ದಲ ಮುಗಿಯಿತು, ಇನ್ನು ಹೆದರಿಕೆ ಇಲ್ಲ ಎಂದು ಅವನು ತಿಳಿದಿದ್ದ. ಹಳ್ಳಿದಾರಿಗಳಲ್ಲಿ ಅವನಂಥ ಪಾಪದ ಮುಸಲ್ಮಾನರ ಮೇಲೆ ಜನ ಸೇಡು ತೀರಿಸಿಕೊಳ್ಳುತ್ತಿದ್ದ ಸುದ್ದಿ ಊರೊಳಗೆ ಇನ್ನೂ ಮುಟ್ಟಿರಲಿಲ್ಲ.

ಅಸಲಿಗೆ ಹೋಗಬೇಕಾದವನು ದೌಲಪ್ಪ. ಇಬ್ಬರದೂ ಹದಿನೆಂಟು ವರ್ಷದ ಜೋಡಿ ಕೆಲಸ. ಇಮಾಮುದ್ದೀನ್ ವಾರ್ನಿಶ್ ಕಾಯಿಸುವವ, ದೌಲಪ್ಪ ಅದನ್ನು ಟಾಂಗಾ, ಬಗ್ಗಿ, ಕುರ್ಚಿಗಳಿಗೆ ಹಚ್ಚುವವ. ಅವತ್ತು ದೌಲಪ್ಪ ಕಮಲಾಪುರದ ತನ್ನ ಮನೆಯಲ್ಲಿ ಚಳಿಜ್ವರ ಬಂದು ಮಲಗಿದ್ದ.

ಎದ್ದು ಓಡಾಡುವಂತಾದ ಮೇಲೆ ಗಾಜಿಪುರಕ್ಕೆ ಬಂದು ನೋಡಿದರೆ ಗೆಳೆಯನ ಮನೆಗೆ ಬಾಗಿಲೂ ಉಳಿದಿರಲಿಲ್ಲ. ತಾಮ್ರದ ಪಾತೇಲಿಗಳು, ಎಣ್ಣೆ ಡಬ್ಬಿಗಳು ಎಲ್ಲ ಲೂಟಿಯಾಗಿದ್ದವು. ಚಂದ್ರಸದ ಚೀಲವೊಂದನ್ನು ಮಾತ್ರ ಕಲ್ಲೆಂದು ತಿಳಿದು ಅಂಗಳದಲ್ಲಿ ಸುರುವಿ ಹೋಗಿದ್ದರು. ಆ ಹಳದಿ ತುಂಡುಗಳ ನಡುವೆ ಇಮಾಮುದ್ದೀನನ ಹೆಂಡತಿ ಇಕ್ಬಾಲ್ ಬೇಗಂ ಕೂತಿದ್ದಳು. ಅವರಿಗೆ ಮಕ್ಕಳಾಗಿರಲಿಲ್ಲ.

ಚಂದ್ರಸ ಕಲ್ಲಲ್ಲ, ಮರದ ಅಂಟು. ಸಮುದ್ರದಾಚೆ, ಆಫ್ರಿಕದ ಜಂಗಬಾರದಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಕಲಬುರಗಿಗೆ ಬರುತ್ತಿತ್ತು. ಆ ಮರಗಳು ಯಾವ ಕಾಲಕ್ಕೋ ಸತ್ತು ಮಣ್ಣಾಗಿ, ಅಂಟು ಮಾತ್ರ ನೆಲದೊಳಗೆ ಗಟ್ಟಿಯಾಗಿ ಉಳಿದಿರುತ್ತಿತ್ತು. ಅಲ್ಲಿಯ ಜನ ಅಗೆದು ತೆಗೆಯುತ್ತಿದ್ದರು. ಅದನ್ನು ಕರಗಿಸಿದರೇನೇ ಒಳ್ಳೆಯ ವಾರ್ನಿಶ್.

ದೌಲಪ್ಪ ತುಂಡುಗಳನ್ನು ಬಳಿದು ಚೀಲಕ್ಕೆ ತುಂಬಿ, ಅವಳನ್ನು ಬಂಡಿಯಲ್ಲಿ ಕೂರಿಸಿಕೊಂಡು ಕಮಲಾಪುರಕ್ಕೆ ಕರೆತಂದ. ಅವನ ಹೆಂಡತಿ ಅಂಬಮ್ಮ ಒಳಕೋಣೆ ಗುಡಿಸಿ ಚಾಪೆ ಹಾಸಿಕೊಟ್ಟಳು.

"ಭಾಬಿ, ನಾ ಹುಡುಕ್ಯಾಡಿ ಬರ್ತೀನಿ" ಎಂದು ಮರುದಿನ ದೌಲಪ್ಪ ಹಳ್ಳಿದಾರಿ ಹಿಡಿದು ಹೋದ. ಸಂಜೆ ಬಂದವನೇ ಮೈಮೇಲೆ ನೀರು ಸುರುವಿಕೊಂಡ. "ಎಲ್ಲೂ ಸಿಗಲಿಲ್ರಿ" ಅಂದ. ಊಟ ಮಾಡಲಿಲ್ಲ. ಜ್ವರ ಮತ್ತೆ ಬಂದಿರಬೇಕೆಂದು ಅಂಬಮ್ಮ ಕಷಾಯ ಕಾಸಿಕೊಟ್ಟಳು.

ಮೂರು ತಿಂಗಳು ಇಕ್ಬಾಲ್ ಬೇಗಂ ಹೆಚ್ಚು ಮಾತಾಡಲಿಲ್ಲ. ಕೊಟ್ಟಿದ್ದನ್ನು ಉಂಡಳು, ಜೋಳ ಹಸನ ಮಾಡಿಕೊಟ್ಟಳು. ಬಳೆ ತೆಗೆಯಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಗಂಡ ಸತ್ತಿದ್ದರೆ ಇದ್ದತ್ ಕೂಡಬೇಕು, ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಮುಂದೆ ಬರಬಾರದು. ಬದುಕಿದ್ದರೆ ದಾರಿ ಕಾಯಬೇಕು. ಎರಡೂ ಆಗದೆ ಅವಳು ದಣಿದಿದ್ದಳು.

ಸಂಕ್ರಾಂತಿಯ ಮುಂದೆ ಕಮಲಾಪುರಕ್ಕೆ ಸರ್ಕಾರದಿಂದ ಒಬ್ಬ ಸಾಹೇಬರು ಬರುತ್ತಾರೆ, ಗದ್ದಲದಲ್ಲಿ ಸತ್ತವರ, ಕಾಣೆಯಾದವರ ಪಟ್ಟಿ ಬರೆಯುತ್ತಾರೆ ಎಂದು ಡಂಗುರ ಹೊಡೆದರು. ಅವರಿಗೆಂದು ಬಡಿಗ ಹೊಸ ಮೇಜು, ಕುರ್ಚಿ ಮಾಡಿದ. ವಾರ್ನಿಶ್ ಕೆಲಸ ದೌಲಪ್ಪನಿಗೆ ಬಂತು.

ಹಚ್ಚುವುದು ಗೊತ್ತಿತ್ತೇ ಹೊರತು ಕಾಯಿಸುವುದು ಅವನಿಗೆ ಗೊತ್ತಿರಲಿಲ್ಲ. ಜಂಗಬಾರದ ಮಾಲು ಕೆಡಿಸಲು ಮನಸ್ಸು ಬಾರದೆ, ಊರ ಹಿಂದಿನ ಗುಡ್ಡದಲ್ಲಿ ಬೆಳೆಯುವ ಕಮರವೆಂಬ ಕಾಡುಮರದಿಂದ ಒಂದಿಷ್ಟು ಅಂಟು ಕೆರೆದು ತಂದು ಕಬ್ಬಿಣದ ಬಾಣಲಿಯಲ್ಲಿ ಕಾಸಿದ. ಅದು ಕರ್ರಗೆ ಡಾಂಬರಿನಂತಾಯಿತು. ಹಲಗೆಗೆ ಹಚ್ಚಿ ಮೂರು ದಿನ ಬಿಸಿಲಿಗಿಟ್ಟರೂ ಒಣಗಲಿಲ್ಲ, ಬೆರಳಿಗೆ ಅಂಟಿತು. ಕೊನೆಗೆ ಚಂದ್ರಸವನ್ನೇ ಹಾಕಿದ. ಹೊಗೆ ಎದ್ದು ಮನೆಯೆಲ್ಲ ಘಾಟಾಯಿತು.

ಇಕ್ಬಾಲ್ ಬೇಗಂ ಕೆಮ್ಮುತ್ತ ಹೊರಗೆ ಬಂದಳು.

"ಇಳಸ್ರಿ ಅದನ್ನ! ಕಬ್ಬಿಣದಾಗ ಯಾರರ ಕಾಯಸ್ತಾರೇನು? ತಾಂಬಾ ಬೇಕು."

"ತಾಂಬಾದ್ದು ಎಲ್ಲಿಂದ ತರ್ಲಿ ಭಾಬಿ?"

ಅಂಬಮ್ಮ ಒಳಗೆ ಹೋಗಿ ತವರಿನವರು ಕೊಟ್ಟ ತಾಮ್ರದ ಹಂಡೆ ತಂದಿಟ್ಟಳು. "ಇದರಾಗ ಮತ್ತ ನೀರು ಕಾಸಲಾಕ ಬರಂಗಿಲ್ಲ ನೋಡವ್ವ" ಎಂದಳು ಇಕ್ಬಾಲ್ ಬೇಗಂ. "ಬ್ಯಾಡ ಬಿಡ್ರಿ ಅಕ್ಕಾ" ಅಂದಳು ಅಂಬಮ್ಮ.

ಇಕ್ಬಾಲ್ ಬೇಗಂ ಚೀಲ ಸುರುವಿ ಆರಿಸತೊಡಗಿದಳು. ಮದುವೆಯಾಗಿ ಬಂದಾಗಿನಿಂದ ಮಾಲು ಆರಿಸುವ ಕೆಲಸ ಅವಳದೇ. ಅಂಗೈಯಲ್ಲಿ ತಿಕ್ಕಿದರೆ ಜಿಗುಟಾಗುವುದು ಹಸಿ ಮಾಲು, ಜೀವಂತ ಮರದಿಂದ ತೆಗೆದದ್ದು, ಅದು ಬೇರೆ ಗುಂಪಿಗೆ. ಮೈಮೇಲೆ ಸಣ್ಣ ಗುಳ್ಳೆ ಎದ್ದದ್ದು ಮಣ್ಣೊಳಗೆ ಮಾಗಿದ್ದು, ಅದು ಹಂಡೆಗೆ. "ನಮ್ಮ ಮಾವನವ್ರು ಅಂತಿದ್ರು, ಇದಕಿಂತಾ ಹಳೀದು ಕಹರುಬಾ ಅಂತ. ಹಕೀಮರು ಔಷಧಕ್ಕ ಇಟ್ಕೋತಾರಲ್ಲ, ಆ ಹಳದಿ ಹರಳು. ಅದೂ ಮರದ್ದೇ ಅಂಟು. ಯಾವ ಮರ ಅಂತ ಖುದಾಗೇ ಗೊತ್ತು."

ಒಂದು ತುಂಡನ್ನು ಬೆಳಕಿಗೆ ಹಿಡಿದಳು. ಒಳಗೆ ಜೋಡಿ ಎಲೆಯೊಂದು ಹಾಗೇ ಕೂತಿತ್ತು.

"ನೋಡ್ರಿ ಭಾಯಿ, ಥೇಟ್ ನಿಮ್ಮ ಕಮರದ ಎಲಿ ಇದ್ದಂಗದ. ನಮ್ಮ ಮನಿಯವರು ಹೇಳ್ತಿದ್ರು, ಜಂಗಬಾರದ ಮರ, ಕಮರ, ಹುಣಸಿ, ಎಲ್ಲಾ ಒಂದೇ ಖಾಂದಾನ್ ಅಂತ. ನಾ ನಂಬ್ತಿರಲಿಲ್ಲ."

ದೌಲಪ್ಪ ತುಂಡನ್ನು ಕೈಗೆ ತೆಗೆದುಕೊಂಡು, ಸರಿಯಾಗಿ ನೋಡದೆ ಕೆಳಗಿಟ್ಟ.

ಹಂಡೆಯಲ್ಲಿ ಚಂದ್ರಸ ಸಿಡಿಯಿತು, ನೊರೆ ಬಂತು, ನೊರೆ ಇಳಿದು ಎಣ್ಣೆಯಂತಾಯಿತು. ಕಾದ ಅಗಸೆಎಣ್ಣೆಯನ್ನು ಅವಳು ಸಣ್ಣ ಧಾರೆಯಾಗಿ ಬಿಟ್ಟಳು. ಒಂದು ಹನಿ ಕಲ್ಲಿನ ಮೇಲೆ ಹಾಕಿ ಬೆರಳಿಂದ ಎಳೆದಳು. ದಾರದಂತೆ ಬಂತು. ಇಳಿಸಿ, ತಣಿಸಿ, ತೆಳ್ಳಗಾಗಲು ಟರ್ಪಿನ್ ಎಣ್ಣೆ ಕೂಡಿಸಿದಳು. ಮೇಜಿಗೆ ಮೂರು ಕೈ ಹಚ್ಚಿದ ಮೇಲೆ ಮುಖ ಕಾಣುವಂತಾಯಿತು. ಯಾರೂ ಖುಷಿಪಡಲಿಲ್ಲ. ಎಲ್ಲರಿಗೂ ಸುಸ್ತಾಗಿತ್ತು.

ಸಾಹೇಬರು ಬಂದ ದಿನ ಚಾವಡಿಯ ಮುಂದೆ ಮಧ್ಯಾಹ್ನದ ತನಕ ನಿಂತ ಮೇಲೆ ಇಕ್ಬಾಲ್ ಬೇಗಂಳ ಪಾಳಿ ಬಂತು. ದೌಲಪ್ಪ ಬಾಗಿಲ ಹತ್ತಿರ ನಿಂತ.

"ಸತ್ತದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ?" ಸಾಹೇಬರು ಕೇಳಿದರು.

"ಇಲ್ರಿ."

"ಹಾಗಾದರೆ ಕಾಣೆಯಾದವರು ಎಂದು ಬರೆಯುತ್ತೇನೆ."

"ಸಾಹೇಬ್, ಏನರ ಒಂದು ಬರೀರಿ. ಸತ್ತಾರ ಅಂದ್ರ ಇದ್ದತ್ ಕೂಡ್ತೀನಿ. ಕಾಣೆ ಅಂದ್ರ ನಾ ಏನ್ ಮಾಡ್ಲಿ?"

"ಸಾಕ್ಷಿ ಇಲ್ಲದೆ ಬರೆಯಲು ಬರುವುದಿಲ್ಲಮ್ಮ."

ದೌಲಪ್ಪ ಎರಡು ಹೆಜ್ಜೆ ಮುಂದೆ ಬಂದ.

"ನಾ ನೋಡೀನ್ರಿ."

ಸಾಹೇಬರು ತಲೆ ಎತ್ತಿದರು.

"ಹಳ್ಳಿದಾರ್ಯಾಗ ಒಂದು ಹಳ್ಳ ಅದರಿ, ಕಮರದ ಗಿಡಾ ಭಾಳ ಅವ. ಅಲ್ಲಿ ಬಿದ್ದಿದ್ದ. ಎಂಟು ದಿನಾ ಆಗಿತ್ತು. ಉಗುರಾಗಿನ ವಾರ್ನಿಶ್ ನೋಡಿ ಗುರ್ತು ಹಿಡದೆ. ನಾನೇ ಮಣ್ಣ ಕೊಟ್ಟೆ. ಯಾರು ಹೊಡದ್ರೋ ನನಗ ಗೊತ್ತಿಲ್ರಿ. ಕೇಳಿದ್ರ ನನ್ನೂ ಬಿಡಂಗಿಲ್ಲ ಅಂತ ಅಂಜಿದೆ."

ಸಾಹೇಬರು ಬರೆದುಕೊಂಡರು. ದೌಲಪ್ಪ ಹೆಬ್ಬೆಟ್ಟು ಒತ್ತಿದ.

ಮನೆಗೆ ಬರುವ ದಾರಿಯಲ್ಲಿ ಹುಣಸೆಮರದ ಕೆಳಗೆ ಅವಳು ನಿಂತಳು.

"ನಾಲ್ಕು ತಿಂಗಳು ಆತಲ್ರಿ."

"ಹೋಗಬೇಕಾದವ ನಾ ಇದ್ದೆ ಭಾಬಿ. ನಾ ಹೋಗಿದ್ರ ಯಾರೂ ಮುಟ್ತಿರಲಿಲ್ಲ. ಅದನ್ನ ಯಾವ ಬಾಯಿಲೆ ಹೇಳಲಿ?"

"ಜ್ವರ ಬಂದಿದ್ದು ನಿಮ್ಮ ತಪ್ಪಲ್ಲ" ಎಂದಳು. ಮುಂದೆ ನಡೆಯುತ್ತ, "ಹೇಳದ ಮುಚ್ಚಿಟ್ಟಿದ್ದು ನಿಮ್ಮ ತಪ್ಪು" ಅಂದಳು.

ಅಂದೇ ಬಳೆ ತೆಗೆದು, ಸುದ್ದಿ ತಿಳಿದ ಆ ದಿನದಿಂದಲೇ ಲೆಕ್ಕ ಹಿಡಿದು ಇದ್ದತ್ ಕೂಡಲು ಒಳಕೋಣೆ ಸೇರಿದಳು. ಮೇಜು ನೋಡಿದವರು ಕಲಬುರಗಿಯಿಂದ ಕೆಲಸ ಕಳಿಸತೊಡಗಿದ್ದರು. ದೌಲಪ್ಪ ಅಂಗಳದಲ್ಲಿ ಹಂಡೆ ಇಟ್ಟು ಕಾಯಿಸುತ್ತಿದ್ದ, ಅವಳು ಬಾಗಿಲ ಹಿಂದಿನಿಂದ ವಾಸನೆ ಹಿಡಿದು ಹೇಳುತ್ತಿದ್ದಳು. "ಉರಿ ಸಣ್ಣ ಮಾಡ್ರಿ." "ಈಗ ಎಣ್ಣಿ ಬಿಡ್ರಿ." ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಮುಂಗಾರಿನ ಮೊದಲ ಮಿರಗದ ಮಳೆಯ ಹೊತ್ತಿಗೆ ಇದ್ದತ್ ಮುಗಿಯಿತು. "ಎಲ್ಲಿ ಮಣ್ಣ ಕೊಟ್ಟೀರಿ, ತೋರಸ್ರಿ" ಎಂದಳು. ಇಬ್ಬರೂ ಬಂಡಿ ಕಟ್ಟಿಕೊಂಡು ಹಳ್ಳಕ್ಕೆ ಹೋದರು. ಅವಳು ಫಾತಿಹಾ ಓದಿದಳು. ಅವನು ಗೋರಿಯ ತಲೆಯ ಕಡೆ ಕಲ್ಲು ನೆಟ್ಟ.

ಅಲ್ಲಿಂದ ಅವಳು ಗಾಜಿಪುರಕ್ಕೆ ಹೋಗಿ, ಮನೆಗೆ ಬಾಗಿಲು ಹಚ್ಚಿಸಿ, ಒಲೆ ಹೊತ್ತಿಸಿದಳು. ದೌಲಪ್ಪ ವಾರಕ್ಕೆರಡು ಸಲ ಹೋಗಿ ಡಬ್ಬಿ ತರುತ್ತಿದ್ದ. ಚಹಾ ಕೊಡುತ್ತಿದ್ದಳು, ಅಂಬಮ್ಮನನ್ನು ವಿಚಾರಿಸುತ್ತಿದ್ದಳು. ಭಾಯಿ ಎಂದು ಮಾತ್ರ ಮತ್ತೆ ಕರೆಯಲಿಲ್ಲ, ದೌಲಪ್ಪನವರೇ ಅನ್ನುತ್ತಿದ್ದಳು.