ಹದಿನೇಳನೇ ಇಲಿಯ ಎಡಗೈ

ಮಗಳ ಕೆಲಸ ಮಿದುಳಿನ ಆಸ್ಟ್ರೊಸೈಟ್‌ಗಳ ಮೇಲೆ. ನರಕೋಶಗಳ ಸುತ್ತ ನಿಂತು ಅವುಗಳ ಊಟ, ನೀರು, ಕಸ ಎಲ್ಲವನ್ನೂ ನೋಡಿಕೊಳ್ಳುವ, ನಕ್ಷತ್ರದ ಹಾಗೆ ಕೈಕಾಲು ಚಾಚಿಕೊಂಡ ಕೋಶಗಳು ಅವು. ಹನ್ನೊಂದು ವರ್ಷದಿಂದ ಅವುಗಳ ಬೆನ್ನು ಹತ್ತಿದ್ದಳು. ಅಷ್ಟೂ ವರ್ಷ ಅಪ್ಪ ಒಂದು ದಿನವೂ ಅದೇನೆಂದು ಕೇಳಿದವನಲ್ಲ. ಗಡಿಯಾರ ರಿಪೇರಿಯವನಿಗೆ ಗಡಿಯಾರ ಬಿಟ್ಟರೆ ಬೇರೆ ಲೋಕವಿರಲಿಲ್ಲ. ತನಗೇ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋದ ಮೇಲೆ ಕೇಳಿದ. ಕೇಳಲು ಶುರುಮಾಡಿದವನು ನಿಲ್ಲಿಸಲಿಲ್ಲ.

"ನಿನ್ನ ಆ ಕೋಶಗಳು ನನ್ನ ತಲೇಲಿ ಏನು ಮಾಡಿದ್ವು?"

"ರಕ್ತ ನಿಂತ ಕಡೆ ಸಹಾಯಕ್ಕೆ ಅಂತ ಓಡಿ ಬಂದ್ವು ಅಪ್ಪ. ಮೊದಮೊದಲು ಒಳ್ಳೇದೇ ಮಾಡ್ತವೆ. ಆಮೇಲೆ ಗಾಬರಿಯಾಗಿ ಊದಿಕೊಂಡು, ಪಕ್ಕದಲ್ಲಿ ಬದುಕಿರೋದನ್ನೂ ಹಾಳು ಮಾಡ್ತವೆ. ಕೊನೆಗೆ ಗೋಡೆ ಕಟ್ಟಿಕೊಂಡು ಅಲ್ಲೇ ಕೂತುಬಿಡ್ತವೆ."

"ಅಂದ್ರೆ ನಿನ್ನ ಸೋದರತ್ತೆ ಥರ. ನೀನು ಹುಟ್ಟಿದಾಗ ಸಹಾಯಕ್ಕೆ ಅಂತ ಬಂದು ಮೂರು ವರ್ಷ ಕೂತಳಲ್ಲ!"

"ಅವಳು ಕೂತಿದ್ದಕ್ಕೇ ನೀವು ಹೊತ್ತಿಗೆ ಸರಿಯಾಗಿ ಊಟ ಕಂಡಿದ್ದು," ಎಂದಳು ಅಮ್ಮ, ಅಡುಗೆಮನೆಯಿಂದಲೇ.

"ಆ ಕೋಶಗಳನ್ನ ಓಡಿಸೋ ಔಷಧೀನಾ ನೀನು ಮಾಡ್ತಿರೋದು?" ಎಂದ ಅಪ್ಪ.

"ಓಡಿಸೋದಲ್ಲ, ಸಮಾಧಾನ ಮಾಡೋದು. ಓಡಿಸಿಬಿಟ್ರೆ ಮನೆ ನೋಡ್ಕೊಳ್ಳೋರೇ ಇರಲ್ಲ."

"ಹಾಗಾದ್ರೆ ನನಗೂ ಎರಡು ಹನಿ ಹಾಕು."

ಮಗಳು ತಲೆ ತಗ್ಗಿಸಿದಳು. "ಮೊದಲ ಎರಡು ದಿನದೊಳಗೆ ಕೊಡಬೇಕು ಅಪ್ಪ. ನಿನಗೆ ಆಗಲೇ ಮೂರು ತಿಂಗಳಾಯ್ತು. ಅದೂ ಅಲ್ದೆ ಇನ್ನೂ ಇಲಿಗಳಿಗೇ ಕೊಟ್ಟು ನೋಡ್ತಿದ್ದೀವಿ."

"ಇಲಿಯಾಗಿ ಹುಟ್ಟಬೇಕಿತ್ತು," ಎಂದು ಅಪ್ಪ ಗೊಣಗಿ, ಎಡಗೈಯಲ್ಲಿ ಹಿಸುಕಲೆಂದು ಡಾಕ್ಟರು ಕೊಟ್ಟಿದ್ದ ರಬ್ಬರ್ ಚೆಂಡನ್ನು ಬಲಗೈಯಿಂದ ಸೋಫಾದ ಕೆಳಗೆ ಎಸೆದ. ಅದು ಅವನ ನಿತ್ಯದ ವ್ಯಾಯಾಮ. ತೆಗೆದುಕೊಡುವುದು ಅಮ್ಮನ ವ್ಯಾಯಾಮ.

ಆ ವಾರ ಪ್ರಯೋಗಾಲಯದಲ್ಲಿ ಬೇರೆಯೇ ತಲೆನೋವು ಶುರುವಾಯಿತು. ಪಾರ್ಶ್ವವಾಯು ಬಂದ ಇಲಿ ಎಷ್ಟು ಸುಧಾರಿಸಿತೆಂದು ತಿಳಿಯಲು ಒಂದು ಗಾಜಿನ ಪೆಟ್ಟಿಗೆಯಿತ್ತು. ಅದರ ಗೋಡೆಯ ಸೀಳಿನಲ್ಲಿ ಸೋತ ಕೈ ಚಾಚಿ ಇಲಿ ಸಕ್ಕರೆ ಗುಳಿಗೆ ಹಿಡಿಯಬೇಕು. ಇಪ್ಪತ್ತಕ್ಕೆ ಎಷ್ಟು ಹಿಡಿಯಿತೋ ಅಷ್ಟು ಅಂಕ. ಆದರೆ ಗುಳಿಗೆ ಉದುರಿಸುವ ಯಂತ್ರ ಒಮ್ಮೆ ಎರಡು ಉದುರಿಸುತ್ತಿತ್ತು, ಒಮ್ಮೆ ಒಂದೂ ಇಲ್ಲ. ಇಲಿ ಕೈ ಚಾಚಿ ಚಾಚಿ ಸಾಕಾಗಿ, ಮುಖ ಊದಿಸಿಕೊಂಡು ಮೂಲೆಗೆ ಹೋಗುತ್ತಿತ್ತು. ಒಂದು ತಿಂಗಳ ಅಂಕಿಗಳನ್ನು ಕಸಕ್ಕೆ ಹಾಕಬೇಕಾಯಿತು. ಹೊಸ ಯಂತ್ರ ಬರಲು ಇನ್ನೂ ನಾಲ್ಕು ತಿಂಗಳು. ತಾನೇ ಬಿಚ್ಚಿ ನೋಡೋಣವೆಂದು ಮಗಳು ಅದನ್ನು ಮನೆಗೆ ಹೊತ್ತು ತಂದಳು.

ಊಟದ ಮೇಜಿನ ಮೇಲೆ ಎರಡು ಸ್ಕ್ರೂ ಬಿಚ್ಚಿದ್ದಳೋ ಇಲ್ಲವೋ, ಅಪ್ಪ ಕುರ್ಚಿಯಿಂದಲೇ ಕತ್ತು ಉದ್ದ ಮಾಡಿದ.

"ಆ ಸ್ಪ್ರಿಂಗ್ ಹಾಕಿದ ಮಹಾಶಯ ಯಾರು? ತಲೆಕೆಳಗಾಗಿ ಯೋಚನೆ ಮಾಡೋನೇ ಇರಬೇಕು. ಸರಿ ಆಚೆ."

ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಚಿಮುಟ ಹಿಡಿದು ಕೂತವನು ಒಂಬತ್ತು ದಿನ ಏಳಲಿಲ್ಲ. ಚಿಮುಟಕ್ಕೆ ಒಂದು ಕೈ ಸಾಕು. ಆದರೆ ಗುಳಿಗೆಗಳನ್ನು ಒಂದೊಂದಾಗಿ ಇಳಿಸುವ ತೂತಿನ ಬಿಲ್ಲೆಯನ್ನು ಅಲುಗಾಡದಂತೆ ಹಿಡಿಯಲು ಇನ್ನೊಂದು ಕೈ ಬೇಕೇ ಬೇಕು. ಅಪ್ಪ ತನ್ನ ಎಡಗೈಯನ್ನು ಅಂಗಡಿಯ ಕೆಲಸಗಳ್ಳನ ಹಾಗೆ ಬೈಯತೊಡಗಿದ.

"ಏಯ್ ಸೋಮಾರಿ, ಹಿಡ್ಕೋ ಅಂದ್ರೆ ಹಿಡ್ಕೋ! ಮೂರು ತಿಂಗಳು ರಜೆ ತಗೊಂಡಿದ್ದು ಸಾಲದಾ?"

ಹಲ್ಲುಚಕ್ರಗಳು ಜಾರಿ ನೆಲದ ತುಂಬ ಉರುಳಿದವು. ಅಮ್ಮ ಪೊರಕೆ ಹಿಡಿದು ಬೀರುವಿನ ಅಡಿಯಿಂದ ಅವನ್ನು ಎಳೆದೆಳೆದು ಕೊಟ್ಟಳು. ಬಿಲ್ಲೆ ಏಳನೇ ಸಲ ಬಿದ್ದಾಗ ತಡೆಯಲಾರದೆ ಮಗಳು ಹಿಡಿದುಕೊಳ್ಳಲು ಎದ್ದಳು. ಅಮ್ಮ ಅವಳ ರಟ್ಟೆ ಹಿಡಿದು ಕೂರಿಸಿ, ಬೇಡವೆಂದು ಕಣ್ಣಲ್ಲೇ ಹೇಳಿದಳು. ಅಪ್ಪನ ಹೆಬ್ಬೆರಳು ನಡುಗುತ್ತ ನಡುಗುತ್ತ ಬಿಲ್ಲೆಯ ಅಂಚಿಗೆ ಹತ್ತಿ ನಿಂತಿತು.

ಹತ್ತನೇ ದಿನ ಯಂತ್ರ ಟಕ್ ಎಂದರೆ ಒಂದೇ ಗುಳಿಗೆ, ತಪ್ಪದೆ.

ಹೊಸದಾಗಿ ಇಪ್ಪತ್ತನಾಲ್ಕು ಇಲಿಗಳ ಮೇಲೆ ಪ್ರಯೋಗ ಶುರುವಾಯಿತು. ಹನ್ನೆರಡಕ್ಕೆ ಔಷಧಿ, ಹನ್ನೆರಡಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದೆಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿತ್ತು. ಮಗಳಿಗೂ ಗೊತ್ತಿಲ್ಲ, ಅಂಕ ಹಾಕುವ ಸಹೋದ್ಯೋಗಿಗೂ ಗೊತ್ತಿಲ್ಲ. ರಿಪೇರಿ ಮಾಡಿದವನ ಹಕ್ಕೆಂದು ಅಪ್ಪ ದಿನಾ ವಿಡಿಯೋ ತರಿಸಿಕೊಂಡು ನೋಡಿದ. ಹದಿನೇಳನೇ ಇಲಿ ಅವನ ಮನಸ್ಸಿಗೆ ಹಿಡಿಸಿಬಿಟ್ಟಿತು. ಅದರದ್ದೂ ಎಡಗೈಯೇ ಸೋತಿತ್ತು. ಗುಳಿಗೆ ತಪ್ಪಿದಾಗಲೆಲ್ಲ ತನಗೆ ಬೇಕೇ ಇರಲಿಲ್ಲ ಎಂಬಂತೆ ಮೀಸೆ ಒರೆಸಿಕೊಳ್ಳುತ್ತಿತ್ತು. ಅಪ್ಪ ಅದಕ್ಕೆ ಸರದಾರ ಎಂದು ಹೆಸರಿಟ್ಟ.

ಐದನೇ ದಿನ ಸರದಾರ ಸೊನ್ನೆ. ಇಪ್ಪತ್ತನೇ ದಿನ ಹದಿನೆಂಟು!

"ಇವನಿಗೆ ಔಷಧಿ ಬಿದ್ದಿದೆ. ಬೇಕಾದ್ರೆ ಬರೆದು ಕೊಡ್ತೀನಿ."

"ಹಾಗೆಲ್ಲ ಹೇಳಬೇಡ ಅಪ್ಪ, ನನ್ನ ತಲೇಲೂ ಕೂತುಬಿಡುತ್ತೆ," ಎಂದು ಮಗಳು ಕಿವಿ ಮುಚ್ಚಿಕೊಂಡಳು.

ಲಕೋಟೆ ಒಡೆದ ದಿನ ಪ್ರಯೋಗಾಲಯದವರೆಲ್ಲ ಮಗಳ ಮೇಜಿನ ಸುತ್ತ ನೆರೆದರು. ಔಷಧಿ ಪಡೆದ ಇಲಿಗಳ ಮಿದುಳಿನಲ್ಲಿ ಹಾನಿಯಾದ ಜಾಗ ಸ್ಕ್ಯಾನ್‌ನಲ್ಲಿ ಮೂರರಲ್ಲೊಂದು ಪಾಲು ಕಡಿಮೆಯಿತ್ತು. ಅವುಗಳ ಸರಾಸರಿ ಅಂಕವೂ ಎದ್ದು ಕಾಣುವಷ್ಟು ಹೆಚ್ಚಿತ್ತು. ಹನ್ನೊಂದು ವರ್ಷದ ದುಡಿಮೆಗೆ ಕೊನೆಗೂ ಫಲ ಸಿಕ್ಕಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಮಗಳ ಬೆರಳು ಪಟ್ಟಿಯಲ್ಲಿ ಕೆಳಗಿಳಿದು ಹದಿನೇಳರ ಹತ್ತಿರ ನಿಂತಿತು. ಉಪ್ಪುನೀರು.

ಮನೆಗೆ ಬಂದವಳು ಮೊದಲು ಒಳ್ಳೆಯ ಸುದ್ದಿ ಹೇಳಿದಳು. ಅಪ್ಪ ಅರ್ಧಕ್ಕೇ ತಡೆದ. "ಸರದಾರ?"

"ಅವನಿಗೆ ಬರೀ ಉಪ್ಪುನೀರು ಅಪ್ಪ."

ಅಪ್ಪ ಪೆಚ್ಚಾಗುತ್ತಾನೆಂದು ಅವಳು ಹೆದರಿದ್ದಳು. ಅವನು ಮಸೂರ ತೆಗೆದ, ಒರೆಸಿದ, ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದ.

"ನನ್ನ ಹಾಗೇನೇ ಅನ್ನು! ಔಷಧಿ ಸಿಗದೇ ಇದ್ದೋನು. ಆದ್ರೂ ಹದಿನೆಂಟು ಹಿಡಿದನಲ್ಲೇ!"

"ಒಂದು ಇಲಿ ನೋಡಿ ಏನೂ ಹೇಳೋಕೆ ಆಗಲ್ಲ ಅಪ್ಪ."

"ನಿನಗೆ ಆಗಲ್ಲಮ್ಮ, ನಿನ್ನದು ಲೆಕ್ಕಾಚಾರದ ಕೆಲಸ. ನನಗೆ ಆಗುತ್ತೆ." ನಗು ಇಳಿದ ಮೇಲೆ ದನಿ ತಗ್ಗಿಸಿ ಹೇಳಿದ: "ಆದ್ರೂ ನಿನ್ನ ಔಷಧಿ ಬೇಗ ಮುಗಿಸು. ಎಲ್ಲರಿಗೂ ಇಷ್ಟು ಹಟ ಇರಲ್ಲ."

ಮುಂದಿನ ಪ್ರಯೋಗ ಮುದಿ ಇಲಿಗಳ ಮೇಲೆ. ಅದಕ್ಕೆ ಇನ್ನೂ ನಾಲ್ಕು ಪೆಟ್ಟಿಗೆಗಳು ಬೇಕಿದ್ದವು; ಅವುಗಳ ಯಂತ್ರ ಜೋಡಿಸುವ ಕೆಲಸ ಅಪ್ಪನದು. ಸೋಮವಾರ ಬೆಳಿಗ್ಗೆ ಅಪ್ಪ ಮಗಳ ಜೊತೆ ಪ್ರಯೋಗಾಲಯಕ್ಕೆ ಹೊರಟು ನಿಂತ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವೆನೆಂದು ಹಟ ಹಿಡಿದದ್ದರಿಂದ, ಊಟದ ಡಬ್ಬಿ ಹಿಡಿದ ಅಮ್ಮನೂ ಚಪ್ಪಲಿ ಮೆಟ್ಟಿದ ಮಗಳೂ ಬಾಗಿಲಲ್ಲಿ ಕಾದರು. ಮೂರನೇ ಗುಂಡಿ ಸಿಕ್ಕುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಅಪ್ಪ ನಾಲ್ಕನೆಯದಕ್ಕೆ ಎಡಗೈ ಹಾಕಿದ.