ಗೋಡೆಯ ಕಡೆಯ ಮಂಚ

ನಾನು ಒಂದು ಮಂಚ. ಇಡೀ ಮಂಚ ಎಂದು ಎದೆ ತಟ್ಟಿ ಹೇಳಿಕೊಳ್ಳುವ ಕಾಲ ಹೋಯಿತು. ಈಗ ನಾನು ಒಂದು ದೊಡ್ಡ ಮಂಚದ ಎಡಭಾಗ, ಅದೂ ಗೋಡೆಗೆ ಒತ್ತಿಕೊಂಡಿರುವ ಭಾಗ. ಮನೆಗೆ ಬಂದವರು ಕೋಣೆಗೆ ಇಣುಕಿ, "ಆಹಾ, ಎಷ್ಟು ಆರಾಮದ ಮಂಚ!" ಎನ್ನುತ್ತಾರೆ. ಆರಾಮ ಯಾರಿಗೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ಚಂದ್ರಪ್ಪ ಬಡಿಗೇರನ ಅಂಗಡಿಯಲ್ಲಿ. ಮತ್ತಿ ಮರದ ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ನಡುವೆ ಬಿಗಿಯಾಗಿ ನೇಯ್ದ ನವಾರ. ನನ್ನನ್ನು ಮಾಡಿಸಿದವರು ಮಂದಾಕಿನಿ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವರಿಗೆ ಆಗ ಇಪ್ಪತ್ತನಾಲ್ಕು ವರ್ಷ, ಆಗಷ್ಟೇ ನೌಕರಿ ಸಿಕ್ಕಿತ್ತು. ಚಂದ್ರಪ್ಪನ ಮುಂದೆ ನಿಂತು ಅವರು ಹೇಳಿದ ಮಾತು ನನ್ನ ಮರದಲ್ಲಿ ಇಳಿದುಬಿಟ್ಟಿದೆ.

"ನಂದು ಊರೂರು ತಿರುಗೋ ನೌಕರಿ, ಚಂದ್ರಪ್ಪ. ನಾ ಒಬ್ಬಾಕಿನ ಬಿಚ್ಚಿ ನಾ ಒಬ್ಬಾಕಿನ ಕೂಡಿಸೋ ಹಂಗ ಮಾಡಿಕೊಡು."

ಚಂದ್ರಪ್ಪ ಹಾಗೆಯೇ ಮಾಡಿದ. ನನ್ನ ನಾಲ್ಕು ಮೂಲೆಗೂ ಬೋಲ್ಟು. ಅವನ್ನು ತಿರುಗಿಸಲು ಒಂದು ಪಾನಾ ಇದ್ದರೆ ಸಾಕು, ಹಾಲು ಕಾಯುವಷ್ಟರಲ್ಲಿ ನಾನು ಒಂದು ಕಟ್ಟು ಕಟ್ಟಿಗೆಯಾಗುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಐದು ಊರು ನೋಡಿದೆ. ಬಸ್ಸಿನ ಟಾಪಿನ ಮೇಲೆ ಹೋಗಿದ್ದೇನೆ, ಟ್ರ್ಯಾಕ್ಟರಿನಲ್ಲಿ ಹೋಗಿದ್ದೇನೆ, ಒಮ್ಮೆ ಮೆಣಸಿನಕಾಯಿ ಚೀಲಗಳ ನಡುವೆ ಕುಳಿತು ಲಕ್ಷ್ಮೇಶ್ವರದವರೆಗೂ ಹೋಗಿ ಒಂದು ವಾರ ಘಾಟು ಹೊಡೆಯುತ್ತಿದ್ದೆ. ಯಾವ ಊರಿಗೆ ಹೋದರೂ ಅಕ್ಕೋರು ಮೊದಲು ಕಿಡಕಿ ಎಲ್ಲಿದೆ ಎಂದು ನೋಡಿ, ಅದರ ಕೆಳಗೆ ನನ್ನನ್ನು ಜೋಡಿಸುತ್ತಿದ್ದರು. ಆಮೇಲೆ ಒಲೆ, ಆಮೇಲೆ ದೇವರು. ನನಗೆ ಸೊಕ್ಕು ಬರದೆ ಇರುತ್ತದೆಯೇ?

ಅಕ್ಕೋರ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವರ ಲಗ್ನವಾಯಿತು. ಗಂಡ ಗುರುನಾಥರಾಯರು, ಗದಗಿನ ಒಂದು ಸಹಕಾರಿ ಸಂಘದಲ್ಲಿ ಕಾರಕೂನರು. ಮೊದಲ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಅವರ ಅಕ್ಕ ಗೋದಕ್ಕ ಇದ್ದರು. ಕೋಣೆಯಲ್ಲಿ ಸಾಗವಾನಿಯ ಒಂಟಿ ಮಂಚ ಇತ್ತು. ಅದರ ಜೋಡಿ ಮಂಚವನ್ನು ಮೊದಲ ಹೆಂಡತಿಯ ಹನ್ನೆರಡನೆಯ ದಿನ ಹಾಸಿಗೆ ದಿಂಬಿನ ಸಮೇತ ಶಯ್ಯಾದಾನ ಕೊಟ್ಟಿದ್ದರು. ಸತ್ತವರಿಗೆ ಆ ಲೋಕದಲ್ಲಿ ಮಲಗಲು ಜಾಗ ಬೇಕಲ್ಲ, ಅದಕ್ಕೆ.

ನನ್ನನ್ನು ಒಳಗೆ ತಂದು ಆ ಸಾಗವಾನಿಯ ಪಕ್ಕಕ್ಕೆ ನಿಲ್ಲಿಸಿದರು. ನಾನು ಅವನಿಗಿಂತ ಎರಡು ಬೆರಳು ಎತ್ತರ. ನಡುವೆ ಕೈ ತೂರುವಷ್ಟು ಸಂದು. ಹೊಸ ಗಂಡ ಮೊದಲ ವಾರವೇ ಆ ಸಂದಿನಲ್ಲಿ ಮೊಳಕೈ ಸಿಕ್ಕಿಸಿಕೊಂಡು ಅಯ್ಯಯ್ಯೋ ಎಂದರು. ಮರುದಿನವೇ ಚಂದ್ರಪ್ಪ ಬಂದ. ಅವನ ಮುಖ ನೋಡಿ ನನಗೆ ತವರಿನವರು ಬಂದಷ್ಟು ಖುಷಿಯಾಯಿತು. ಅವನ ಕೈಯಲ್ಲಿ ಗರಗಸ ಇದ್ದದ್ದು ನಾನು ನೋಡಿರಲಿಲ್ಲ.

ಅವನು ನನ್ನ ನಾಲ್ಕೂ ಕಾಲು ಎರಡು ಬೆರಳು ಕೊಯ್ದ. ನವಾರ ಬಿಚ್ಚಿ ಬಿಸಾಕಿದ. ಆಮೇಲೆ ರಾಯರನ್ನು ಕೇಳಿದ: "ನಟ್ಟು ಹಾಕಿ ಕೂಡಸ್ತೀನ್ರಿ. ನಾಳೆ ಬೇಕಾದ್ರ ಬಿಚ್ಚಾಕ ಬರತೈತಿ."

"ಬಿಚ್ಚೋದ್ಯಾಕ? ಈ ಮನ್ಯಾಗ ಒಮ್ಮೆ ಜೋಡಿ ಬಿಚ್ಚಿದ್ದು ಸಾಕಾಗೇದ. ಕಾಯಂ ಮಾಡು."

ಆ ಮಾತಿನಲ್ಲಿ ಅವರ ದನಿ ನಡುಗಿತು, ಅದನ್ನು ನಾನು ಮುಚ್ಚಿಡಲಾರೆ. ಚಂದ್ರಪ್ಪ ಗೋಂದು ಸುರಿದ, ಕಬ್ಬಿಣದ ಪಟ್ಟಿ ಇಟ್ಟು ಮೊಳೆ ಹೊಡೆದ, ಮೇಲೆ ಪ್ಲೈವುಡ್ಡಿನ ಒಂದೇ ಹಲಗೆ ಹಾಸಿದ. ಅಂಗಳದಲ್ಲಿ ಪಿಂಜಾರ ಇಬ್ಬರ ಗಾದಿಯನ್ನೂ ಬಿಚ್ಚಿ, ಅರಳೆ ಹಿಂಜಿ, ಕಲಸಿ, ಒಂದೇ ಗಾದಿ ಮಾಡಿದ. ಅದರಲ್ಲಿ ಅಕ್ಕೋರ ಅರಳೆ ಯಾವುದು, ರಾಯರ ಅರಳೆ ಯಾವುದು ಎಂದು ಇನ್ನು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ರಾಯರು ಅದರ ಮೇಲೆ ಅಂಗಾತ ಬಿದ್ದು, ಕೈಕಾಲು ಚಾಚಿ, "ಈಗ ನೋಡು ಸುಖ!" ಎಂದರು.

ಒಂದು ಸಂಗತಿ ಯಾರಿಗೂ ಹೊಳೆಯಲಿಲ್ಲ. ನಮ್ಮನ್ನು ಕೂಡಿಸಿದ್ದು ಕೋಣೆಯ ಒಳಗೆ, ಕೋಣೆಯ ಬಾಗಿಲು ಮೂರಡಿ. ಮುಂದಿನ ದೀಪಾವಳಿಗೆ ಸುಣ್ಣ ಬಳಿಯುವವರು ಬಂದಾಗ ಅದು ಬಯಲಾಯಿತು. ಮಂಚ ಅಡ್ಡ ಮಾಡಿದರು, ಎತ್ತಿ ನಿಲ್ಲಿಸಲು ನೋಡಿದರು, ಬೆವರಿದರು. ಕೊನೆಗೆ ನಾವಿದ್ದ ಜಾಗ ಬಿಟ್ಟು ಉಳಿದದ್ದಕ್ಕೆ ಸುಣ್ಣ ಹೊಡೆದು ಹೋದರು. ನನ್ನ ಪಕ್ಕದ ಗೋಡೆ ಅಂದಿನಿಂದ ಸುಣ್ಣ ಕಂಡಿಲ್ಲ.

ಇನ್ನು ಮಲಗುವ ಶಾಸ್ತ್ರ. ಉತ್ತರಕ್ಕೆ ತಲೆ ಇಡಬಾರದು, ಹೆಂಡತಿ ಗಂಡನ ಎಡಕ್ಕಿರಬೇಕು. ಎರಡೂ ಗೋದಕ್ಕನ ಕಟ್ಟಪ್ಪಣೆ. ದಕ್ಷಿಣಕ್ಕೆ ತಲೆ ಇಟ್ಟು ಲೆಕ್ಕ ಹಾಕಿದರೆ ಅಕ್ಕೋರಿಗೆ ಸಿಕ್ಕಿದ್ದು ಗೋಡೆಯ ಕಡೆ, ಅಂದರೆ ನನ್ನ ಮೇಲೆ. ರಾಯರಿಗೆ ಬಾಗಿಲ ಕಡೆ. ಅಕ್ಕೋರು ಐದಕ್ಕೇ ಏಳುವವರು, ರಾಯರು ಏಳಕ್ಕೆ. ಮಲಗಿದವರನ್ನು ದಾಟಬಾರದು, ಗಂಡನನ್ನಂತೂ ದಾಟಲೇಬಾರದು. ಹಾಗಾಗಿ ಅಕ್ಕೋರು ದಿನಾ ಬೆಳಿಗ್ಗೆ ಕುಳಿತಲ್ಲಿಂದಲೇ ತೆವಳಿಕೊಂಡು ಕಾಲ್ದೆಸೆಗೆ ಬಂದು, ಅಲ್ಲಿಂದ ಕೆಳಕ್ಕಿಳಿಯುತ್ತಿದ್ದರು. ಐದು ಊರಿನ ಮಕ್ಕಳನ್ನು ಒಂದು ನೋಟಕ್ಕೆ ಸುಮ್ಮನಾಗಿಸಿದ ಹೆಂಗಸು ಹೀಗೆ ತೆವಳುವುದನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು.

ರಾಯರು ಕೆಟ್ಟವರಲ್ಲ. ಚಳಿಯಾದರೆ ತಮ್ಮ ಶಾಲನ್ನೂ ಹೆಂಡತಿಗೇ ಹೊದಿಸುತ್ತಿದ್ದರು. ಆದರೆ ನಿದ್ದೆಯಲ್ಲಿ ಸ್ವಲ್ಪ ಸ್ವಲ್ಪವೇ ಜರುಗುತ್ತ, ತಮ್ಮ ಸಾಗವಾನಿ ದಾಟಿ ನನ್ನ ಅರ್ಧಕ್ಕೆ ಬರುತ್ತಿದ್ದರು. ಅಕ್ಕೋರು ಒಂದು ಗೇಣು ಜಾಗದಲ್ಲಿ ಗೋಡೆಗೆ ಮುಖ ಮಾಡಿ ಒತ್ತಿಕೊಂಡಿರುತ್ತಿದ್ದರು. ಒಂದು ಮುಂಜಾನೆ ಆ ಗೋಡೆಗೇ ಹೇಳಿದರು: "ಎಷ್ಟಂತ ನಿನ್ನ ಮಾರಿ ನೋಡ್ಲಿ?" ಕೇಳಿಸಿಕೊಂಡದ್ದು ನಾನೊಬ್ಬನೇ.

ಹೀಗೆ ಆರು ವರ್ಷ ಕಳೆಯಿತು. ಗದಗಿನಲ್ಲೇ ಕಲಿಸುತ್ತಿದ್ದ ಅಕ್ಕೋರಿಗೆ ಬಡ್ತಿಯ ಆದೇಶ ಬಂತು. ಹಿರೇಬೂದಿಹಾಳ ಎಂಬ ದೂರದ ಹಳ್ಳಿಯ ಶಾಲೆಗೆ ಮುಖ್ಯ ಅಕ್ಕೋರು. ಏಳು ದಿನದಲ್ಲಿ ಹಾಜರಾಗಬೇಕು. ಹಿಂದೆ ಎರಡು ಸಲ ಬಂದಾಗ ಮನೆಯವರ ಮಾತಿಗೆ ಬೇಡ ಎಂದಿದ್ದರು, ಇನ್ನೊಮ್ಮೆ ಬೇಡ ಎಂದರೆ ಮತ್ತೆ ಬರುವುದಿಲ್ಲ. ರಾಯರು ಮೊದಲು ಓಣಿಗೆಲ್ಲ ಪೇಢೆ ಹಂಚಿದರು. ಸೋಮವಾರದಿಂದ ಶನಿವಾರದವರೆಗೆ ಹೆಂಡತಿ ಅಲ್ಲೇ ಶಾಲೆಯ ಕೋಣೆಯಲ್ಲಿ ಇರಬೇಕಾಗುತ್ತದೆ ಎಂದು ಆಮೇಲೆ ತಿಳಿಯಿತು. ಮುಖ ಸಪ್ಪಗಾಯಿತು.

"ಇಷ್ಟು ದೊಡ್ಡ ಮಂಚದಾಗ ನಾ ಒಬ್ಬಾಂವ ಮಲಗಲೇನು?"

"ಅದಕ್ಕ ಹೇಳ್ತೀನಿ, ನಂದು ನನಗ ಬಿಡಿಸಿ ಕೊಡ್ರಿ. ನಾ ನನ್ನ ಮಂಚ ಒಯ್ತೀನಿ," ಎಂದರು ಅಕ್ಕೋರು.

ನನ್ನ ಮರಕ್ಕೆ ಮತ್ತೆ ಚಿಗುರು ಬಂದ ಹಾಗಾಯಿತು. ಆದರೆ ಗೋದಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಮಂಚ ಮನಿ ಬಿಟ್ಟು ಯಾವಾಗ ಹೋಗ್ತದ, ಗೊತ್ತದ ಇಲ್ಲೋ ನಿನಗ? ಓಣಿ ಮಂದಿ ಬಂದು, ಯಾರು ಹೋದ್ರು ಅಂತ ಕೇಳ್ಲೇನು? ಈ ಬಾಗಲದಿಂದ ಒಂದು ಮಂಚ ಹೋಗೋದು ನೋಡೀನಿ ನಾ. ಜೀವ ಇರೋತನಕ ಇನ್ನೊಂದು ನೋಡೂದಿಲ್ಲ."

"ಇದು ಒಳಗ ಬರೋವಾಗ ಯಾರೂ ಏನೂ ಅನ್ನಲಿಲ್ಲ, ಗೋದಕ್ಕ."

"ಬರೋದು ಬ್ಯಾರೆ, ಹೋಗೋದು ಬ್ಯಾರೆ."

ಅಕ್ಕೋರು ಆದರೂ ಚಂದ್ರಪ್ಪನನ್ನು ಕರೆಸಿದರು. ಅವನು ಕೆಳಗೆ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. "ಗೋಂದು ಮರದಾಗ ಇಳದೈತ್ರಿ ಅಕ್ಕೋರ. ಬಿಡಸಾಕ ಬರಾಂಗಿಲ್ಲ. ಕೊಯ್ದ್ರ ಎರಡೂ ಸೀಳತಾವು." ಅವನ ಮುಖ ಸಣ್ಣದಾಗಿತ್ತು. ತಾನೇ ಮಾಡಿದ್ದಲ್ಲವೇ?

ಐದನೆಯ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅಕ್ಕೋರು ಹಳೆಯ ಪಾನಾ ಹಿಡಿದು ಸೆರಗು ಸಿಕ್ಕಿಸಿಕೊಂಡು ನನ್ನ ಕೆಳಗೆ ತೂರಿದರು. ಹೊರಗಿನ ಎರಡು ಮೂಲೆಯ ಬೋಲ್ಟು ಕಿರಿಚುತ್ತ ತಿರುಗಿದವು. ಒಳಗಿನವು ಕಬ್ಬಿಣದ ಪಟ್ಟಿಯ ಹಿಂದೆ ಹುಗಿದುಹೋಗಿದ್ದವು. ಎಷ್ಟು ತಿಣುಕಿದರೂ ಆಗಲಿಲ್ಲ. ಬಿಚ್ಚಿದ ಎರಡನ್ನೂ ಮತ್ತೆ ಬಿಗಿದು, ಆ ಧೂಳಿನಲ್ಲೇ ಅಂಗಾತ ಮಲಗಿಬಿಟ್ಟರು. ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಕೈ ಎತ್ತಿ ನನ್ನ ಪಟ್ಟಿಯನ್ನು ಹಿಡಿದುಕೊಂಡರು.

"ನಿನ್ನ ಸಲುವಾಗಿ ನಾನೂ ಕೂತ್ರ ಇಬ್ಬರೂ ಇಲ್ಲೇ ಆಗ್ತೀವಿ," ಎಂದರು.

ಅವರು ಹೇಳಿದ್ದು ನಿಜ. ನಿಜವೆಂದು ಗೊತ್ತಿದ್ದೂ ನನಗೆ ಸಿಟ್ಟು ಬಂತು. ಅವತ್ತಿಡೀ ಸುಮ್ಮಸುಮ್ಮನೆ ಕಿರುಗುಟ್ಟಿದೆ.

ಏಳನೆಯ ದಿನದ ಬೆಳಗು. ಆರಕ್ಕೆ ಬಸ್ಸು. ಅಕ್ಕೋರ ಟ್ರಂಕು, ಸುತ್ತಿದ ಚಾಪೆ ಬಾಗಿಲಲ್ಲಿ ಸಿದ್ಧವಾಗಿದ್ದವು. ಅಕ್ಕೋರು ಐದಕ್ಕೆ ಎದ್ದು ಕುಳಿತು ನೋಡಿದರೆ, ರಾಯರು ತಲೆ ಬಾಗಿಲ ಕಡೆ ಹಾಕಿ, ಕಾಲನ್ನು ಓರೆಯಾಗಿ ಚಾಚಿ ನನ್ನ ಕಾಲ್ದೆಸೆಯ ಮೂಲೆಯ ಗೋಡೆಗೆ ಒತ್ತಿಟ್ಟಿದ್ದಾರೆ. ತೆವಳುವ ದಾರಿ ಬಂದ್. ನಿದ್ದೆ ಮಾಡುವವರ ಉಸಿರು ನನಗೆ ಚೆನ್ನಾಗಿ ಗೊತ್ತು. ರಾಯರು ಎಚ್ಚರಿದ್ದರು.

"ರೀ, ಕಾಲು ತಗೀರಿ. ಬಸ್ಸಿನ ಹೊತ್ತಾತು."

ಕಾಲು ಅಲ್ಲಾಡಲಿಲ್ಲ.

"ನಿಮಗ ಎಚ್ಚರ ಅದ ಅಂತ ನನಗ ಗೊತ್ತದ. ತಗೀರಿ."

ರಾಯರು ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡರು. ರೆಪ್ಪೆಯ ಕೆಳಗೆ ನೀರು ಜಿನುಗಿತು. ಅಕ್ಕೋರು ಅದನ್ನೂ ನೋಡಿದರು. ದೂರದಲ್ಲಿ ಯಾವುದೋ ಬಸ್ಸಿನ ಹಾರ್ನು ಕೇಳಿತು. ಆಗ ಗೋಡೆಗೆ ಕೈ ಕೊಟ್ಟು ಎದ್ದು ನಿಂತರು. ಆರು ವರ್ಷದಲ್ಲಿ ನನ್ನ ಮೇಲೆ ಅವರು ಎದ್ದು ನಿಂತದ್ದು ಅದೇ ಮೊದಲು. ಸೀರೆಯ ನೆರಿಗೆ ಎತ್ತಿ ಹಿಡಿದರು. ಬಲಗಾಲಿನ ಪೂರ್ತಿ ಭಾರ ನನ್ನ ಮೇಲೆ ಬಂತು. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಗಟ್ಟಿಯಾಗಿ ನಿಂತೆ. ಒಂದೇ ಹೆಜ್ಜೆ. ಗಂಡನನ್ನು ದಾಟಿ ಸಾಗವಾನಿಯ ಅಂಚಿಗೆ, ಅಲ್ಲಿಂದ ನೆಲಕ್ಕೆ. ತಿರುಗಿ ನೋಡಲಿಲ್ಲ.

ಅದಾಗಿ ಹತ್ತು ವರ್ಷ. ಶನಿವಾರ ಸಂಜೆ ಅಕ್ಕೋರು ಬರುತ್ತಿದ್ದರು, ಪಡಸಾಲೆಯಲ್ಲಿ ಗೋದಕ್ಕನ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದರು, ಸೋಮವಾರ ಹೋಗುತ್ತಿದ್ದರು. ಮೊದಮೊದಲು ರಾಯರು ಮಾತು ಬಿಟ್ಟಿದ್ದರು. ಆಮೇಲೊಂದು ಶನಿವಾರ ಅಕ್ಕೋರು ಬರದಿದ್ದಾಗ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ತಾವೇ ಹಿರೇಬೂದಿಹಾಳಕ್ಕೆ ಹೋಗಿ ಬಂದರು. ಬಂದವರು ಗೋದಕ್ಕನಿಗೆ ಹೇಳಿದರು: "ಅಲ್ಲಿ ಆಕಿ ಕಿಡಕಿ ಬಾಜೂಕ ಹಾಸ್ಕೋತಾಳ. ನನಗ ಇಷ್ಟು ವರ್ಷ ಗೊತ್ತಽ ಇರಲಿಲ್ಲ."

ಈ ಮೇ ತಿಂಗಳು ಅಕ್ಕೋರು ನಿವೃತ್ತರಾದರು. ನಾಳೆ ಟ್ರಂಕಿನ ಸಮೇತ ಮನೆಗೆ ಬರುತ್ತಾರೆ. ಇವತ್ತು ಬೆಳಿಗ್ಗೆ ರಾಯರು ಗಾದಿ ಬಿಸಿಲಿಗೆ ಹಾಕಿಸಿದರು, ಹೊಸ ಹೊದಿಕೆ ಹಾಸಿದರು. ಇನ್ನೇನು, ಅಕ್ಕೋರ ಭಾರ ಮತ್ತೆ ನನ್ನ ಮೇಲೆ ಎಂದು ನಾನು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ರಾಯರು ತಮ್ಮ ತಲೆದಿಂಬನ್ನು ಎತ್ತಿ ಗೋಡೆಯ ಕಡೆಗೆ ಇಟ್ಟರು. ಬಾಗಿಲ ಕಡೆಗೆ ಹೊಸ ದಿಂಬು.

"ಏ, ಹೆಂಡ್ತಿ ಎಡಕ್ಕ ಇರಬೇಕೋ!" ಎಂದರು ಗೋದಕ್ಕ.

"ಇರ್ಲಿ ಬಿಡು ಅಕ್ಕ. ಆಕಿಗೆ ಬೇಕಾದಾಗ ಎದ್ದು ಹೋಗ್ಲಿಕ್ಕೆ ಬರಬೇಕು," ಎಂದ ರಾಯರು ನನ್ನ ಮೇಲೆ ಮಲಗಿ, ಗೋಡೆಗೆ ಮುಖ ಮಾಡಿ, ಆ ಸುಣ್ಣವಿಲ್ಲದ ಗೋಡೆಯನ್ನು ಬಹಳ ಹೊತ್ತು ನೋಡಿದರು.

ಇಷ್ಟು ಒಳ್ಳೆಯ ಮಾತು ಈ ಮನೆಯಲ್ಲಿ ನಾನು ಕೇಳಿರಲಿಲ್ಲ. ಆದರೂ ಸತ್ಯ ಹೇಳುತ್ತೇನೆ, ನನಗೆ ಅಳು ಬಂತು. ಬಾಗಿಲ ಕಡೆ ಎಂದರೆ ಸಾಗವಾನಿ. ಅಕ್ಕೋರು ಇನ್ನು ಮಲಗುವುದು ಅವನ ಮೇಲೆ. ನನ್ನ ಪಾಲಿಗೆ ಗುರುನಾಥರಾಯರು.

ಇರಲಿ. ನಾಳೆ ಸಂಜೆ ಅಕ್ಕೋರು ಬಂದಾಗ ನಾನು ಕಿರುಗುಟ್ಟುವುದಿಲ್ಲ. ಎದ್ದು ಹೋಗುವ ದಾರಿ ತೆರೆದಿರುವ ಜಾಗದಲ್ಲೇ ಅವರು ಮಲಗಲಿ. ರಾಯರ ಭಾರ ನಾನು ಹೊರುತ್ತೇನೆ.