ಎಡಗೈಯಲ್ಲಿ ನುಡಿಸಿದ ಡ್ರಮ್ಸ್

ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಡ್ರಮ್ಮರ್ ತನ್ನ ಡ್ರಮ್ಸ್‌ಗೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ್ದ. ಹಾಡುಗಾರ್ತಿ ತಂಗಿ ಮಾತ್ರ ತನ್ನ ಹೊಸ ಹಾಡಿಗೆ ಬೇರೆಯವರನ್ನು ಕರೆಯಲು ಸುತರಾಂ ಒಪ್ಪಲಿಲ್ಲ. ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನೂ ಪುಟ್ಟ ಕೀಬೋರ್ಡನ್ನೂ ತಂದು, ರೆಕಾರ್ಡಿಂಗ್ ಪ್ರೋಗ್ರಾಮಿಗೆ ಡ್ರಮ್ಸ್ ಸಾಫ್ಟ್‌ವೇರ್ ಸೇರಿಸಿ ಅವನ ಮುಂದಿಟ್ಟಳು. ಒಂದೊಂದು ಕೀಗೆ ಒಂದೊಂದು ಡ್ರಮ್ಮಿನ ಸದ್ದು.

ಅವನು ಎಡಗೈಯಿಂದ ಒಂದು ಕೀ ಒತ್ತಿದ. ತೆರೆಯ ಮೇಲೆ ಹಸಿರು ಗೆರೆ ಕುಣಿಯಿತೇ ಹೊರತು ಸದ್ದು ಬರಲಿಲ್ಲ. ಸದ್ದು ಹೆಡ್‌ಫೋನಿಗೆ ಹೋಗುತ್ತಿದ್ದುದನ್ನು ಕಂಡು ತಂಗಿ ಅದನ್ನು ಸ್ಪೀಕರಿಗೆ ಬದಲಿಸಿದಳು. ಈಗ ಬಂತು, ಆದರೆ ಒತ್ತಿದ ಮೇಲೆ ಕೊಂಚ ತಡವಾಗಿ.

"ಇದೂ ನನ್ನ ಬಲಗೈ ಥರಾನೇ. ಹೇಳಿದ್ದು ಅದಕ್ಕೆ ತಡವಾಗಿ ಕೇಳ್ಸುತ್ತೆ," ಎಂದ.

"ಬಫರ್ ಜಾಸ್ತಿ ಇದೆ ಅಣ್ಣ, ಲ್ಯಾಪ್‌ಟಾಪ್ ಸದ್ದನ್ನ ಸ್ವಲ್ಪ ಹೊತ್ತು ಹಿಡಿದಿಟ್ಕೊಂಡು ಬಿಡ್ತಿದೆ. ಕಡಿಮೆ ಮಾಡ್ತೀನಿ, ಇರು."

ತೀರಾ ಕಡಿಮೆ ಮಾಡಿದಾಗ ಸದ್ದು ಪಟಪಟ ಸಿಡಿಯಿತು. ತುಸು ಹೆಚ್ಚಿಸಿದ ಮೇಲೆ ಪೆಟ್ಟು ಬೆರಳಿಗೆ ಸರಿಯಾಗಿ ಕೂತಿತು.

"ಒಂದರ ಮೇಲೊಂದು ರೆಕಾರ್ಡ್ ಮಾಡ್ಬಹುದಾ?"

"ಎಷ್ಟು ಸಲ ಬೇಕಾದ್ರೂ."

ಅವನು ಮೊದಲು ಎಡಗೈಯ ಪಾಲನ್ನು ನುಡಿಸಿದ. ಆಮೇಲೆ ಅದನ್ನು ಕೇಳುತ್ತಾ, ಬಲಗೈ ನುಡಿಸಬೇಕಾದ್ದನ್ನೂ ಕಾಲಿನ ಪೆಟ್ಟನ್ನೂ ಎಡಗೈಯಿಂದಲೇ ಸೇರಿಸಿದ. ನಡುವೆ ಎಡವಿದಾಗ ಅಳಿಸಿ ಮತ್ತೆ ನುಡಿಸಿದ.

ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಹಳೇ ರೆಕಾರ್ಡಿಂಗಾ?"

"ಅಲ್ಲ ಅತ್ತಿಗೆ, ಈಗಷ್ಟೇ ಮಾಡಿದ್ದು," ಎಂದಳು ತಂಗಿ.

ಡ್ರಮ್ಮರ್ ಆಗಲೇ ಎಡಗೈಯನ್ನು ಮತ್ತೆ ಕೀಬೋರ್ಡಿನ ಮೇಲಿಟ್ಟಿದ್ದ. ಮುಂದಿನ ಚರಣ ಹಾಕು ಎಂದು ತಂಗಿಗೆ ಸನ್ನೆ ಮಾಡಿದ.